ಕಿವಿಗೆ ದಕ್ಕಿದ ಚೀನೀ ಭಾಷೆ

ಕುರ್ಡಿಯ ಅಂಬರೇಶನಿಗೆ ಚೀನೀ ಭಾಷೆ ತಿಳಿಯುತ್ತದೆ ಅಂದರೆ ಇವತ್ತಿಗೂ ಈ ಕಡೆ ನಂಬುವವರು ಮೂರೇ ಮಂದಿ. ಒಬ್ಬಳು ಅವನ ಹೆಂಡತಿ ಸೌಭಾಗ್ಯ. ಇನ್ನೊಬ್ಬ ಜೊತೆಯಲ್ಲಿ ಕೆಲಸ ಮಾಡುವ ಸೊಹೇಲ್. ಮೂರನೆಯವನು ಅವನಿಗೆ ಮೋಸ ಮಾಡಿದ ಕೃಷ್ಣ. ಉಳಿದವರೆಲ್ಲ, "ಕಿವ್ಯಾಗ ವೈರ್ ಸಿಗಿಸ್ಕೊಂಡ್ರ ಭಾಷಿ ಬರ್ತಿತ್ತಂದ್ರ ನಮ್ಮ ಎಮ್ಮಿಗೂ ಬರ್ತಿತ್ತು" ಅಂತ ನಗುವವರೇ.

ಅಂಬರೇಶ ಮಾನ್ವಿಯಲ್ಲಿ ರಾಮಲಿಂಗಪ್ಪ ಸಾವ್ಕಾರರ ರೈಸ್‌ಮಿಲ್ಲಿನಲ್ಲಿ ಹದಿನಾಲ್ಕು ವರ್ಷ ದುಡಿದವನು. ಓದಿದ್ದು ಹತ್ತನೇ ಇಯತ್ತೆ. ಮೊದಲು ಚೀಲ ಹೊತ್ತ, ಆಮೇಲೆ ಬಾಯ್ಲರ್ ಮುಂದೆ ನಿಂತ, ಕೊನೆಗೆ ಸಾರ್ಟೆಕ್ಸಿಗೆ ಬಂದ. ಅಕ್ಕಿಯ ಬಣ್ಣ ನೋಡಿ ಆರಿಸುವ ಯಂತ್ರಕ್ಕೆ ಮಿಲ್ಲಿನವರು ಸಾರ್ಟೆಕ್ಸ್ ಅನ್ನುತ್ತಾರೆ. ಮೇಲಿಂದ ಅಕ್ಕಿ ಜಾರಿ ಬರುವಾಗ ಅದರೊಳಗಿನ ಕ್ಯಾಮೆರಾ ಒಂದೊಂದು ಕಾಳನ್ನೂ ನೋಡುತ್ತದೆ. ಕರಿಕಾಳು ಕಂಡರೆ ಸಣ್ಣ ವಾಲ್ವು ಫಕ್ಕನೆ ಗಾಳಿ ಊದಿ ಅದನ್ನು ಆಚೆ ಹಾರಿಸುತ್ತದೆ. ಮೊದಲು ಹತ್ತು ಹೆಣ್ಣಾಳುಗಳು ಮೊರ ಹಿಡಿದು ಕೂತು ಮಾಡುತ್ತಿದ್ದ ಕೆಲಸ. ಯಂತ್ರ ಚೀನಾದ್ದು. ಕೆಟ್ಟಾಗ ಅದರ ಪರದೆಯ ಮೇಲೆ ಮೂಡುವ ಅಕ್ಷರಗಳೂ ಚೀನಾದವೇ.

ಕೆಲವು ವರ್ಷ ಚೀನಾದ ಇಂಜಿನಿಯರುಗಳಿಗೆ ಇಲ್ಲಿಗೆ ಬರಲು ವೀಸಾ ಸಿಗಲಿಲ್ಲ. ಯಂತ್ರ ನಿಂತರೆ ವಿಡಿಯೋ ಕಾಲ್ ಹಚ್ಚುವುದು, ಆ ಕಡೆಯವನು ಹೇಳಿದಂತೆ ಬಿಚ್ಚುವುದು, ಜೋಡಿಸುವುದು. ಬಿಚ್ಚುವ ಕೈ ಅಂಬರೇಶನದು. ನಡುವೆ ನಿಂತು ಮಾತು ದಾಟಿಸುವವನು ಕೃಷ್ಣ.

ಕೃಷ್ಣ ರಾಯಚೂರು ಪಕ್ಕದ ಯರಗೇರಾದವನು, ಅಂಬರೇಶನಿಗಿಂತ ಆರೇಳು ವರ್ಷ ಸಣ್ಣವನು. ಡಾಕ್ಟರಿಕೆ ಓದಲು ಚೀನಾಕ್ಕೆ ಹೋಗಿ ಮೂರನೇ ವರ್ಷಕ್ಕೆ ಬಿಟ್ಟು ಬಂದಿದ್ದ. ಓದು ಹೋದರೂ ಭಾಷೆ ಉಳಿದಿತ್ತು. ಯಂತ್ರ ಮಾರುವ ಹೈದರಾಬಾದಿನ ಡೀಲರನೊಬ್ಬ ಅವನನ್ನು ರಾಯಚೂರು ಜಿಲ್ಲೆಗೆ ಸರ್ವಿಸ್ ಮನುಷ್ಯನನ್ನಾಗಿ ಇಟ್ಟುಕೊಂಡ. ಬಾಯಿ ಸಿಹಿ. ಮಿಲ್ಲಿಗೆ ಬಂದರೆ ಮೊದಲು, "ಅಣ್ಣಾ, ಊಟ ಆತೇನು?" ಅಂತ ಕೇಳುವನು. ಅಂಬರೇಶನಿಗೆ ತಮ್ಮಂದಿರಿಲ್ಲ. ಅವನು ಕೃಷ್ಣನನ್ನು "ತಮ್ಮಾ" ಅಂತ ಕರೆಯತೊಡಗಿದ.

ಒಂದು ದಿನ ರಾಯಚೂರಿನ ಬಸ್‌ಸ್ಟ್ಯಾಂಡ್ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ ಊಟ ಮಾಡುತ್ತ ಕೃಷ್ಣ ಅಂದ:

"ಅಣ್ಣಾ, ನಿನ್ನ ಕೈಯಾಗ ವಿದ್ಯೆ ಅದ. ಭಾಷಿ ಒಂದು ಬಂದ್ರ ಕಂಪನಿಯವ್ರು ನಿನ್ನ ಚೀನಾಕ್ಕ ಕರಸ್ಕೊಂಡು ಟ್ರೇನಿಂಗ್ ಕೊಡ್ತಾರ. ವಾಪಸ್ ಬಂದ್ರ ಮಾನ್ವಿ, ದೇವದುರ್ಗ, ಸಿರವಾರ, ಎಲ್ಲಾ ಕಡಿ ಮಷಿನ್‌ಗೆ ನೀನೇ ಯಜಮಾನ."

"ಈ ವಯಸ್ಸಿನ್ಯಾಗ ಭಾಷಿ ಯಾರ್ ಕಲಸ್ತಾರ ತಮ್ಮಾ?"

ಕೃಷ್ಣ ಜೇಬಿನಿಂದ ಉಗುರಿನಷ್ಟು ಗಾತ್ರದ ಮೆಮೊರಿ ಕಾರ್ಡು ತೆಗೆದು ಅವನ ಅಂಗೈಗೆ ಹಾಕಿದ. "ಇದ್ರಾಗ ನೂರಾ ಇಪ್ಪತ್ತು ಪಾಠ ಅವ. ಬರಿ ಕೇಳೋದು. ಹಿಂದಿಯಾಗ ಅರ್ಥ ಹೇಳ್ತಾರ. ಕೇಳಿ ಕೇಳಿ ಹೇಳ್ತಾ ಹೋಗು, ತಾನಾ ಬರ್ತದ. ಒಂದು ಸಣ್ಣ ಉಪಕಾರ ನನಗೂ ಮಾಡು. ಐತಾರಕ್ಕೊಮ್ಮೆ ದೇವದುರ್ಗದ ಮಿಲ್ಲಿಗೆ ನನ್ನ ಬದಲಿ ನೀ ಹೋಗಿ ಬಾ. ಪ್ರಾಕ್ಟೀಸೂ ಆಗ್ತದ."

ಮರುದಿನ ಬೆಳಗ್ಗೆ ಕುರ್ಡಿಯಿಂದ ಮಾನ್ವಿಗೆ ಹೊರಟ ಬೈಕಿನ ಮೇಲೆ ಪಾಠ ಶುರುವಾಯಿತು. ಒಂದು ಕಿವಿ ದಾರಿಗೆ, ಒಂದು ಕಿವಿ ಚೀನಾಕ್ಕೆ. ಒಬ್ಬ ಹೆಣ್ಣುಮಗಳು ಮೊದಲು ಹಿಂದಿಯಲ್ಲಿ ಒಂದು ಮಾತು ಹೇಳುವಳು, ಆಮೇಲೆ ಚೀನೀಯಲ್ಲಿ. ಆಮೇಲೆ ಸುಮ್ಮನಾಗುವಳು. ಆ ಖಾಲಿ ಜಾಗದಲ್ಲಿ ಇವನು ಹೇಳಬೇಕು. ಎರಡೂ ಬದಿಯ ಗದ್ದೆಗಳಲ್ಲಿ ನಾಟಿ ಹಚ್ಚುವವರು ಬೈಕಿನ ಮೇಲೆ ಒಬ್ಬನೇ ಕೂಗುತ್ತ ಹೋಗುವವನನ್ನು ತಲೆ ಎತ್ತಿ ನೋಡುವರು.

ಮೊದಮೊದಲು ಎಲ್ಲವೂ ಒಂದೇ ಥರ ಕೇಳಿಸಿತು. ಹತ್ತನೇ ಪಾಠದ ಹೊತ್ತಿಗೆ ಗೊತ್ತಾಯಿತು, ಆ ಭಾಷೆಯಲ್ಲಿ ಪದ ಅಂದರೆ ಬರೀ ಅಕ್ಷರವಲ್ಲ, ಅದರ ಏರಿಳಿತವೂ ಪದವೇ ಅಂತ. 'ಮಾಯ್' ಅನ್ನುವುದನ್ನು ದನಿ ಇಳಿಸಿ ಮೇಲೆತ್ತಿದರೆ ಕೊಳ್ಳುವುದು. ಅದನ್ನೇ ಮೇಲಿಂದ ಕುಕ್ಕಿದರೆ ಮಾರುವುದು. ಸೊಹೇಲ್ ಇದನ್ನು ಕೇಳಿ ಹೊಟ್ಟೆ ಹಿಡಿದು ನಕ್ಕ. "ಅಂಬ್ರೇಶಣ್ಣ, ನಮ್ಮ ಸಾವ್ಕಾರ್ರು ಅಲ್ಲಿ ವ್ಯಾಪಾರ ಮಾಡಿದ್ರ ಒಂದೇ ದಿನದಾಗ ಮಿಲ್ ಮಾರ್ಕೊಂಡು ಬರ್ತಾರ!" ನಗುತ್ತಲೇ ಸೊಹೇಲ್ ಗೊತ್ತಿಲ್ಲದ ಹಿಂದಿ ಪದಗಳಿಗೆ ಅರ್ಥ ಹೇಳಿಕೊಡುತ್ತಿದ್ದ. ಅವನ ಮನೆಯ ದಖನಿ ಮಾತು ಅಷ್ಟರಮಟ್ಟಿಗೆ ಉಪಯೋಗಕ್ಕೆ ಬಂತು.

ಮನೆಯಲ್ಲಿ ಸೌಭಾಗ್ಯ ರೊಟ್ಟಿ ಬಡಿಯುವಾಗ ಫೋನು ಒಲೆಯ ಹತ್ತಿರದ ಗೂಡಿನಲ್ಲಿ ಮಾತಾಡುತ್ತಿತ್ತು. ಒಮ್ಮೆ ಇವನು ತಡವರಿಸಿದಾಗ ಹಿಟ್ಟಿನ ಕೈಯಲ್ಲೇ ಅವಳು ಉತ್ತರ ಹೇಳಿಬಿಟ್ಟಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.

ಐತಾರ ಬಂದರೆ ದೇವದುರ್ಗದ ಬಸ್ಸು. ಕಿಟಕಿಗೆ ತಲೆ ಆನಿಸಿ ಎರಡು ಹಳೆಯ ಪಾಠ ತಿರುಗಿ ಕೇಳುವನು. ಮಿಲ್ಲಿನಲ್ಲಿ ಯಂತ್ರ ಬಿಚ್ಚಿ ಧೂಳು ಊದಿ, ಸವೆದ ವಾಲ್ವಿಗೆ ಸೈಕಲ್ ಟ್ಯೂಬಿನ ರಬ್ಬರು ಕತ್ತರಿಸಿ ಕೂರಿಸಿ, ಸಂಜೆ ಬಸ್ಸಿಗೆ ಬರುತ್ತ ಮತ್ತೆ ಎರಡು. ಹೀಗೆ ಎರಡು ವರ್ಷ. ವಾರದ ರಜೆ ಅನ್ನುವುದು ಅವನಿಗೂ ಇರಲಿಲ್ಲ, ಅವನಿಂದಾಗಿ ಸೌಭಾಗ್ಯಳಿಗೂ ಇರಲಿಲ್ಲ. ಅವಳ ತವರು ಸಿರವಾರದಲ್ಲಿ ತಂಗಿಯ ಲಗ್ನಕ್ಕೂ ಅವನು ಅಕ್ಷತೆಯ ಹೊತ್ತಿಗೆ ಮುಖ ತೋರಿಸಿ ದೇವದುರ್ಗಕ್ಕೆ ಓಡಿದ್ದ. ಅದಕ್ಕೆ ಅವಳು ಎಂಟು ದಿನ ಮಾತು ಬಿಟ್ಟಿದ್ದಳು.

ಒಂದೇ ಕೊರಗು. ಎದುರಿಗೆ ಕೂತು ಮಾತಾಡುವ ಮನುಷ್ಯರು ಇರಲಿಲ್ಲ. ಕೃಷ್ಣ ಸಿಕ್ಕಾಗಲೆಲ್ಲ ಕೇಳುತ್ತಿದ್ದ:

"ಒಂದೀಟು ನನ್ನ ಜೋಡಿ ಚೀನೀದಾಗ ಮಾತಾಡೋ ತಮ್ಮಾ. ನಾ ಹೇಳೋದು ಸರಿ ಅದನೋ ಇಲ್ಲೋ ನೋಡು."

"ಎಲ್ಲಾ ಪಾಠ ಮುಗೀಲಿ ಅಣ್ಣಾ. ನಡುವ ಮಾತಾಡಿದ್ರ ಕೆಟ್ಟು ಹೋಗ್ತದ."

ಅದನ್ನೂ ಅಂಬರೇಶ ನಂಬಿದ. ಕಲಿತವನು ಹೇಳುತ್ತಾನೆ ಅಂದಮೇಲೆ ಇದ್ದೀತು ಅಂದುಕೊಂಡ.

ತೊಂಬತ್ತನೇ ಪಾಠ ದಾಟುವ ಹೊತ್ತಿಗೆ ವಿಡಿಯೋ ಕಾಲಿನಲ್ಲಿ ಆ ಕಡೆಯವನು ಆಡಿದ ಮಾತು, ಕೃಷ್ಣ ಕನ್ನಡಕ್ಕೆ ತರುವ ಮೊದಲೇ, ಅರ್ಧಕ್ಕರ್ಧ ತಿಳಿಯತೊಡಗಿತು. ಕೃಷ್ಣ 'ಎಡಗಡೆಯ ಗಾಳಿ ಬಂದ್ ಮಾಡು' ಅನ್ನುವಷ್ಟರಲ್ಲಿ ಇವನ ಕೈ ಎಡಗಡೆಯ ತಿರುಪಿನ ಮೇಲೆ ಇರುತ್ತಿತ್ತು. ಕೃಷ್ಣ ಅದನ್ನು ಗಮನಿಸಲಿಲ್ಲ. ಇವನೂ ಹೇಳಿಕೊಳ್ಳಲಿಲ್ಲ. ನೂರಾ ಇಪ್ಪತ್ತೂ ಮುಗಿಸಿ ಒಮ್ಮೆಗೇ ಹೇಳಬೇಕು ಅಂತ ಚಿಕ್ಕ ಹುಡುಗನ ಹಾಗೆ ಆಸೆ ಇಟ್ಟುಕೊಂಡಿದ್ದ.

ಹೋದ ವರ್ಷ ರಾಮಲಿಂಗಪ್ಪನವರು ಇನ್ನೊಂದು ದೊಡ್ಡ ಸಾರ್ಟೆಕ್ಸ್ ತರಿಸಿದರು. ಅದನ್ನು ಕೂರಿಸಲು ಕಂಪನಿಯ ಹಿರಿಯ ಇಂಜಿನಿಯರ್ ಲಿಯು ಖುದ್ದಾಗಿ ಮಾನ್ವಿಗೆ ಬಂದ. ಐವತ್ತರ ಆಸುಪಾಸಿನ ಗಿಡ್ಡ ಮನುಷ್ಯ, ಮಾತು ಕಡಿಮೆ. ಹೊಸ ಯಂತ್ರ ಬಿಟ್ಟು ಮೊದಲು ಹಳೆಯದರ ಕೆಳಗೆ ಅಂಗಾತ ಮಲಗಿದ. ಒಂದು ವಾಲ್ವು ಬಿಚ್ಚಿ ಹೊರಗೆ ತಂದು, ಬೆಳಕಿಗೆ ಹಿಡಿದು, ಸೈಕಲ್ ಟ್ಯೂಬಿನ ರಬ್ಬರನ್ನು ಬೆರಳಲ್ಲಿ ಒತ್ತಿ ನೋಡಿದ. "ಹನ್ ಹಾವ್" ಅಂದ. ಬಹಳ ಚೊಲೋ ಅದ ಅಂತ. ಅಂಬರೇಶನ ಮೊದಲನೇ ಪಾಠದ ಮಾತು ಅದು. ಜೀವಂತ ಮನುಷ್ಯನ ಬಾಯಿಂದ, ಅದೂ ತನ್ನ ಕೆಲಸ ನೋಡಿ, ಆ ಮಾತು ಬಂದಾಗ ಅವನ ಮೈ ಜುಮ್ಮೆಂದಿತು.

ಮಧ್ಯಾಹ್ನದ ಊಟದ ಹೊತ್ತು. ಮಿಲ್ಲು ನಿಂತಿತ್ತು, ಹಮಾಲರು ಹೊರಗೆ ಹೋಗಿದ್ದರು. ಯಂತ್ರದ ಹತ್ತಿರ ಮೂವರೇ. ಲಿಯು, ಕೃಷ್ಣ, ಟಾರ್ಚು ಹಿಡಿದು ನಿಂತ ಅಂಬರೇಶ.

ಲಿಯು ಚೀನೀಯಲ್ಲಿ ಕೇಳಿದ, "ಇದನ್ನು ಮಾಡಿದ್ದು ಯಾರು?"

ಕೃಷ್ಣ ಅಂದ, "ನಾನು ಹೇಳಿಕೊಟ್ಟೆ, ಇವನು ಕತ್ತರಿಸಿದ."

'ವೋ' ಅಂದರೆ ನಾನು. ತಪ್ಪಿ ಕೇಳುವ ಪದವಲ್ಲ. ಟ್ಯೂಬಿನ ರಬ್ಬರು ಹಾಕುವ ವಿಷಯ ಕೃಷ್ಣನಿಗೆ ಗೊತ್ತಾದದ್ದೇ ಎಷ್ಟೋ ತಿಂಗಳ ಮೇಲೆ. ಇರಲಿ, ದೊಡ್ಡವರ ಮುಂದೆ ಒಂದು ಮಾತು ಹೆಚ್ಚು ಹೇಳಿಕೊಂಡ, ಅಂತ ಅಂಬರೇಶ ಸುಮ್ಮನಾದ.

ಲಿಯು ಅಂಬರೇಶನ ಕೈ ಕಡೆ ಬೆರಳು ಮಾಡಿ ನಿಧಾನವಾಗಿ ಹೇಳಿದ. ಇವನ ಕೈ ಚೆನ್ನಾಗಿದೆ. ಸೆಪ್ಟೆಂಬರಿನಲ್ಲಿ ನಮ್ಮ ಕಾರ್ಖಾನೆಯಲ್ಲಿ ಮೂರು ತಿಂಗಳ ತರಬೇತಿ ಇದೆ. ನಿಮ್ಮ ದೇಶದಿಂದ ಇಬ್ಬರು ಬರಬೇಕು. ಇವನನ್ನು ಕಳಿಸು.

ಅಂಬರೇಶ ಕೃಷ್ಣನ ಮುಖ ನೋಡಿದ. ಇನ್ನೇನು ಕೃಷ್ಣ ತಿರುಗಿ, "ಅಣ್ಣಾ, ಕೇಳಿದ್ಯಾ!" ಅನ್ನುತ್ತಾನೆ. ಆಗ ತಾನು ಚೀನೀಯಲ್ಲೇ ಕೈಮುಗಿದು ಉತ್ತರ ಕೊಡಬೇಕು. ಯಾವ ಮಾತು ಆಡಲಿ ಅಂತ ಒಳಗೊಳಗೇ ಜೋಡಿಸಿಕೊಳ್ಳುತ್ತಿದ್ದ.

ಕೃಷ್ಣ ತಿರುಗಲಿಲ್ಲ. ಲಿಯುವಿನ ಹತ್ತಿರ ಸರಿದು, ದನಿ ಇಳಿಸದೆ, ಇಳಿಸುವ ಅಗತ್ಯವೇ ಇಲ್ಲದವನ ಹಾಗೆ ಹೇಳಿದ. ಇವನಿಗೆ ಓದಲು ಬರುವುದಿಲ್ಲ. ಕುಡಿಯುತ್ತಾನೆ. ಒಂದು ದಿನ ಬಂದರೆ ಎರಡು ದಿನ ಬರುವುದಿಲ್ಲ. ನನ್ನ ಹೆಂಡತಿಯ ತಮ್ಮ ಇದ್ದಾನೆ, ಡಿಪ್ಲೊಮಾ ಓದಿದವನು. ಅವನನ್ನು ಕಳಿಸುತ್ತೇನೆ.

ಸಂಬಂಧಿಕರ ಹೆಸರು ಹೇಳುವ ಪಾಠ ಮೂವತ್ತರ ಮೇಲೆ ಎಲ್ಲೋ ಇತ್ತು. ಅಕ್ಕ, ತಂಗಿ, ಹೆಂಡತಿಯ ತಮ್ಮ. ಊಟಕ್ಕೆ ಕರೆದವರ ಮನೆಯಲ್ಲಿ ಹೇಗೆ ಮಾತಾಡಬೇಕು ಅನ್ನುವ ಪಾಠದಲ್ಲಿ 'ಹ ಚ್ಯೋ' ಇತ್ತು, ಮದ್ಯ ಕುಡಿಯುವುದು. ಅದನ್ನು ಬೇಡವೆನ್ನುವ ಮಾತೂ ಇತ್ತು. ಅಂಬರೇಶ ಹುಟ್ಟಿದಾಗಿನಿಂದ ಕುಡಿದವನಲ್ಲ. ಅಪ್ಪ ಯಂಕೋಬ ಕುಡಿತದಿಂದಲೇ ಸತ್ತದ್ದು ಅಂತ ಅವನು ನೆಂಟರ ಮದುವೆಯಲ್ಲೂ ಆ ಕಡೆ ಸುಳಿಯುತ್ತಿರಲಿಲ್ಲ. ಅದನ್ನು ಅವನು ತನ್ನ ಬಾಯಾರೆ ಹೇಳಿದ್ದು ಒಬ್ಬನಿಗೇ, ಕೃಷ್ಣನಿಗೆ.

ಅವನು ಬಾಯಿ ತೆರೆದ. ಪಾಠದಲ್ಲಿ ಆ ಹೆಣ್ಣುಮಗಳು ಸುಮ್ಮನಾಗಿ ಇವನ ಉತ್ತರಕ್ಕೆ ಜಾಗ ಬಿಡುತ್ತಿದ್ದಳು. ಇಲ್ಲಿ ಯಾರೂ ಜಾಗ ಬಿಡಲಿಲ್ಲ. ಇಬ್ಬರೂ ಮಾತಾಡುತ್ತಲೇ ಇದ್ದರು. ಅವನು ನಡುವೆ ನುಗ್ಗಿ ಒಂದೇ ಉಸಿರಿನಲ್ಲಿ ಅಂದ:

"ವೋ ಪು ಹ ಚ್ಯೋ!"

ನಾನು ಕುಡಿಯುವುದಿಲ್ಲ. ಆದರೆ ಅವಸರದಲ್ಲಿ ಏಳಬೇಕಾದಲ್ಲಿ ದನಿ ಬಿತ್ತು, ಬೀಳಬೇಕಾದಲ್ಲಿ ಎದ್ದಿತು. ಲಿಯು ಹುಬ್ಬು ಗಂಟಿಕ್ಕಿ ಕೃಷ್ಣನ ಕಡೆ ನೋಡಿದ. ಏನಂದ ಇವನು?

ಕೃಷ್ಣ ಒಂದು ಕ್ಷಣ ಬೆಚ್ಚಿದ. ಆಮೇಲೆ ನಕ್ಕು ಚೀನೀಯಲ್ಲಿ ಹೇಳಿದ:

"ನೀವು ಕುಡಿಯುತ್ತೀರೋ ಅಂತ ಕೇಳುತ್ತಿದ್ದಾನೆ."

ಅದೂ ಅಂಬರೇಶನಿಗೆ ತಿಳಿಯಿತು. ಒಂದೊಂದು ಪದವೂ ತಿಳಿಯಿತು.

ಲಿಯು ಬೇಡ ಅನ್ನುವಂತೆ ಕೈ ಆಡಿಸಿದ. ಹೋಗುವಾಗ ಅಂಬರೇಶನ ಭುಜ ತಟ್ಟಿದ. ಕೆಟ್ಟ ಚಟದ ಒಳ್ಳೆಯ ಕೆಲಸಗಾರನನ್ನು ನೋಡಿದಾಗ ಯಾರಾದರೂ ತಟ್ಟುವ ಹಾಗೆ.

ಸಂಜೆ ಅಂಬರೇಶ ಸಾವ್ಕಾರರ ಗಾದಿಯ ಮುಂದೆ ನಿಂತ.

"ಸಾವ್ಕಾರ್ರ, ಕೃಷ್ಣ ನನ್ನ ಮ್ಯಾಲ ಸುಳ್ಳು ಹೇಳ್ಯಾನ್ರಿ. ನಾ ಕುಡೀತೀನಂತ, ನನಗ ಓದಾಕ ಬರಂಗಿಲ್ಲಂತ."

"ಯಾವಾಗ ಹೇಳಿದ?"

"ಮಧ್ಯಾಹ್ನ ನನ್ನ ಮುಂದಽ ಹೇಳಿದ್ನ್ರಿ, ಚೀನೀದಾಗ."

ರಾಮಲಿಂಗಪ್ಪನವರು ಕನ್ನಡಕ ತೆಗೆದರು. "ಚೀನೀದಾಗ ಹೇಳಿದ್ದು ನಿನಗ ಹೆಂಗ ತಿಳೀತೋ?"

"ಕಲ್ತೀನ್ರಿ. ಫೋನಿನ್ಯಾಗ ಕೇಳಿ ಕೇಳಿ ಕಲ್ತೀನಿ."

ಅವರು ಬೈಯಲಿಲ್ಲ. ನಕ್ಕರು, ಅದೂ ಪ್ರೀತಿಯಿಂದಲೇ. "ನನ್ನ ಮೊಮ್ಮಗ ಹನ್ನೆರಡು ವರ್ಷ ಇಂಗ್ಲಿಷ್ ಸಾಲಿಗೆ ಹೋಗ್ಯಾನ. ದಿಲ್ಲಿಯಿಂದ ಇಂಗ್ಲಿಷ್ ಫೋನ್ ಬಂದ್ರ ತಂದು ನನ್ನ ಕೈಯಾಗ ಇಡ್ತಾನ. ನೀ ಗಾಡಿ ಮ್ಯಾಲ ಕುಂತು ಚೀನೀ ಕಲ್ತಿ? ಎರಡು ಮಾತು ಕಿವಿಗೆ ಬಿದ್ದಾವ, ನೀ ಏನೋ ತಿಳ್ಕೊಂಡಿ. ಕೃಷ್ಣ ಅಂಥವನಲ್ಲ. ನಿನ್ನ ಮ್ಯಾಲ ಜೀವ ಇಟ್ಕೊಂಡಾನ. ಹೋಗು, ಊಟ ಮಾಡು."

ಅಂಬರೇಶ ಅಲ್ಲಿಂದ ಹೊರಗೆ ಬಂದಾಗ ಅವನಿಗೇ ಅನುಮಾನ ಹುಟ್ಟಿತ್ತು. ತಾನು ನಿಜವಾಗಿ ಕೇಳಿದ್ದೇನು? ಎರಡು ವರ್ಷ ಯಾರೂ ಪರೀಕ್ಷೆ ಮಾಡದ ಕಲಿಕೆ ಅದು. ಮನೆಗೆ ಬಂದು ಊಟದ ಮನೆಯ ಪಾಠ ಹಚ್ಚಿ ಆರು ಸಲ ಕೇಳಿದ. ಅದೇ ಪದ. ಸೌಭಾಗ್ಯ ಎಲ್ಲ ಕೇಳಿಸಿಕೊಂಡು ಫೋನನ್ನು ಅವನ ಕೈಯಿಂದ ತೆಗೆದಿಟ್ಟಳು.

"ಎಷ್ಟು ಸಲ ಕೇಳ್ತೀರಿ? ಹ ಚ್ಯೋ ಅಂದ್ರ ಏನಂತ ನನಗೂ ಗೊತ್ತದ. ನನ್ನ ತಂಗಿ ಲಗ್ನ ಬಿಟ್ಟು ಕಲ್ತೀರಿ ನೀವು. ಅದು ಸುಳ್ಳಾಗಂಗಿಲ್ಲ."

ಎರಡು ದಿನದ ಮೇಲೆ ಲಿಯುವನ್ನು ಹೈದರಾಬಾದಿನ ರೈಲಿಗೆ ಹತ್ತಿಸಲು ಕೃಷ್ಣ ರಾಯಚೂರಿಗೆ ಹೋದ ಸುದ್ದಿ ಸಿಕ್ಕಿತು. ಅಂಬರೇಶ ಮಾನ್ವಿಯಿಂದ ಬಸ್ಸು ಹಿಡಿದು ಸ್ಟೇಷನ್ನಿಗೆ ಮುಟ್ಟುವಷ್ಟರಲ್ಲಿ ರೈಲು ಹೋಗಿತ್ತು. ಕೃಷ್ಣ ಹೊರಗೆ ಚಹಾದ ಅಂಗಡಿಯ ಮುಂದೆ ನಿಂತಿದ್ದ.

"ಅಣ್ಣಾ! ಏನು ಈ ಕಡಿ?"

"ನನ್ನ ಬಗ್ಗೆ ಏನು ಹೇಳಿದಿ ಆ ಮನಷಾಗ?"

"ಚೊಲೋ ಹೇಳೀನಿ. ಮುಂದಿನ ವರ್ಷ ನೋಡೂಣು ಅಂದಾನ."

"ಕುಡೀತಾನ ಅಂತ ಹೇಳಿದಿ."

ಕೃಷ್ಣ ನಗು ತಂದುಕೊಂಡ. ಚಹಾದ ಕಪ್ಪು ಹಿಡಿದೇ, ಕೆಣಕುವ ಹಾಗೆ, ಸರಸರ ಚೀನೀಯಲ್ಲಿ ಕೇಳಿದ. ಇಲ್ಲಿಗೆ ಹೇಗೆ ಬಂದೆ, ಬಸ್ಸಿನಲ್ಲೋ ಬೈಕಿನಲ್ಲೋ?

"ಬಸ್ಸಿಗೆ ಬಂದೆ" ಅಂತ ಅಂಬರೇಶ ಕನ್ನಡದಲ್ಲಿ ಹೇಳಿದ.

ಕೃಷ್ಣನ ನಗು ಹೋಯಿತು. ಈ ಸಲ ಮೆಲ್ಲಗೆ, ಚೀನೀಯಲ್ಲೇ ಕೇಳಿದ. ಮೊನ್ನೆ ಎಷ್ಟು ತಿಳಿಯಿತು ನಿನಗೆ?

"ಎಲ್ಲಾ. ನಿನ್ನ ಹೆಂಡತಿ ತಮ್ಮನ ಡಿಪ್ಲೊಮಾ ತನಕ ಎಲ್ಲಾ ತಿಳೀತು."

ಕೃಷ್ಣ ಕಪ್ಪನ್ನು ಅಂಗಡಿಯ ಕಟ್ಟೆಯ ಮೇಲೆ ಇಟ್ಟ. "ಆ ಪಾಠ ನಾನಽ ಐದು ಕೇಳಿ ಬಿಟ್ಟಿದ್ದೆ ಅಣ್ಣಾ. ನನಗ ಭಾಷಿ ಬಂದಿದ್ದು ಅಲ್ಲಿ ಹಾಸ್ಟೆಲ್‌ನ್ಯಾಗ ಇದ್ದು, ಬೈಸ್ಕೊಂಡು, ಬೈದು. ಬರಿ ಕೇಳಿ ಯಾರಿಗಾರ ಬರ್ತದಂತ ನಾ ಕನಸಿನ್ಯಾಗೂ ಅಂದ್ಕೊಂಡಿಲ್ಲ."

"ಹಂಗಾದ್ರ ನನಗ್ಯಾಕ ಕೊಟ್ಟಿ?"

ಆಟೋದವರು ಕೂಗುತ್ತಿದ್ದರು. ಕೃಷ್ಣ ನೆಲ ನೋಡುತ್ತ ಅಂದ, "ಐತಾರ ದೇವದುರ್ಗಕ್ಕ ಹೋಗೋರು ಒಬ್ರು ಬೇಕಾಗಿತ್ತು. ಏನಾರ ಒಂದು ಆಸೆ ತೋರಸ್ಬೇಕಲ್ಲ."

"ಈಗ ಅವಂಗ ಫೋನ್ ಮಾಡಿ ಖರೇ ಹೇಳು."

"ಹೇಳಿದ್ರ ನನ್ನ ನೌಕ್ರಿ ಹೋಗ್ತದ ಅಣ್ಣಾ. ಹೆಸರೂ ಕಳಸಿ ಆಗ್ಯದ."

"ಅಣ್ಣಾ ಅನಬ್ಯಾಡ" ಅಂದು ಅಂಬರೇಶ ಬಸ್‌ಸ್ಟ್ಯಾಂಡಿನ ಕಡೆ ನಡೆದ. ಹೊಡೆಯಬೇಕಿತ್ತು ಅಂತ ಆಮೇಲೆ ಸೊಹೇಲ್ ಹೇಳಿದ. ಆ ಹೊತ್ತಿನಲ್ಲಿ ಅಂಬರೇಶನಿಗೆ ಸಿಟ್ಟಿಗಿಂತ ನಾಚಿಕೆ ಹೆಚ್ಚಾಗಿತ್ತು. ಎರಡು ವರ್ಷ ಗದ್ದೆಯ ದಾರಿಯಲ್ಲಿ ಒಬ್ಬನೇ ಕೂಗುತ್ತ ಹೋದದ್ದು, ಅದನ್ನು ಕೃಷ್ಣ ಯಾರ ಯಾರ ಮುಂದೆ ಹೇಳಿ ನಕ್ಕಿದ್ದಾನೋ ಅನ್ನುವುದು.

ಸೆಪ್ಟೆಂಬರಿನಲ್ಲಿ ಕೃಷ್ಣನ ಹೆಂಡತಿಯ ತಮ್ಮ ವಿಮಾನ ಹತ್ತಿದ. ಅಂಬರೇಶ ಅಷ್ಟರಲ್ಲಿ ರಾಮಲಿಂಗಪ್ಪನವರ ಮಿಲ್ಲು ಬಿಟ್ಟಿದ್ದ. ತನ್ನ ಮಾತು ನಂಬದವರ ಹತ್ತಿರ ಹೇಗೆ ಇರಲಿ ಅಂತ. ಐತಾರ ದೇವದುರ್ಗಕ್ಕೆ ಹೋಗುವುದನ್ನೂ ನಿಲ್ಲಿಸಿದ್ದ. ಅಲ್ಲಿಯ ಯಂತ್ರ ನಿಂತಾಗ ಕೃಷ್ಣನ ಫೋನು ಮೇಲಿಂದ ಮೇಲೆ ಬಂತು, ಇವನು ಎತ್ತಲಿಲ್ಲ. ಮೂರನೇ ದಿನ ಆ ಮಿಲ್ಲಿನ ಒಡತಿ ಅಮರಮ್ಮನೇ ಫೋನು ಮಾಡಿದಳು. "ಯಪ್ಪಾ, ನೀ ಯಾರ ಆಳು ಅಂತ ನನಗ ಬ್ಯಾಡ. ಎರಡು ವರ್ಷ ಮಷಿನ್ ನಡಿಸಿದಾಂವ ನೀನು. ನೀ ಬಾ." ಹೀಗೆ ಒಂದು, ಎರಡು ಅಂತ ಸಣ್ಣ ಮಿಲ್ಲುಗಳು ಅವನನ್ನು ನೇರವಾಗಿ ಕರೆಯತೊಡಗಿದವು. ಸೊಹೇಲನೂ ಕೆಲಸ ಬಿಟ್ಟು ಜೊತೆಗೆ ಬಂದ. ಹೊಟ್ಟೆಗೆ ಕೊರತೆಯಾಗಲಿಲ್ಲ.

ಪಾಠ ಮಾತ್ರ ನಿಂತುಹೋಯಿತು. ನೂರಾ ಹನ್ನೊಂದಕ್ಕೆ ನಿಂತದ್ದು ಅಲ್ಲೇ ನಿಂತಿತು. ಆ ಹೆಣ್ಣುಮಗಳ ದನಿ ಕೇಳಿದರೆ ಕೃಷ್ಣನ ಕೈ ತನ್ನ ಅಂಗೈಗೆ ಆ ಕಾರ್ಡು ಹಾಕುವುದು ಕಣ್ಣಿಗೆ ಬರುತ್ತಿತ್ತು.

ದೀಪಾವಳಿಯ ಮುಂದೆ ಸೌಭಾಗ್ಯ ಹಟ ಹಿಡಿದಳು. "ಆ ಮನಷಾ ನಿಮ್ಮನ್ನ ಕುಡುಕ ಅಂತ ತಿಳ್ಕೊಂಡು ಹೋಗ್ಯಾನ. ಅದು ನನಗ ಸಹಿಸೋದಾಗವಲ್ದು. ನೀವಽ ಹೇಳ್ರಿ." ಯಂತ್ರದ ಮೇಲೆ ಕಂಪನಿಯ ನಂಬರಿತ್ತು. ಅಂಬರೇಶ ಲಿಯುವಿನ ಹೆಸರು ಹೇಳಿ ಒಂದು ವಾಯ್ಸ್ ಮೆಸೇಜು ಮಾಡಿದ. ಹದಿನೇಳು ಸಲ ಅಳಿಸಿ, ಹದಿನೆಂಟನೇ ಸಲ ಕಳಿಸಿದ. ನಾನು ಮಾನ್ವಿಯ ಅಂಬರೇಶ. ನಾನು ಕುಡಿಯುವುದಿಲ್ಲ. ಆ ದಿನ ನೀವು ಹೇಳಿದ್ದು ನನಗೆ ತಿಳಿಯಿತು.

ನಾಲ್ಕು ದಿನದ ಮೇಲೆ ಉತ್ತರ ಬಂತು. ಅದೂ ದನಿಯಲ್ಲೇ. ಅಂಬರೇಶ ಹೊಸ್ತಿಲ ಮೇಲೆ ಕೂತು ಕೇಳಿದ. ಎರಡನೇ ಸಲ ಕೇಳುವಾಗ ಸೌಭಾಗ್ಯ ಬಂದು ಪಕ್ಕದಲ್ಲಿ ಕೂತಳು.

"ಏನಂದಾನ್ರಿ?"

"ನನ್ನ ಉಚ್ಚಾರ ಕೆಟ್ಟದಂತ. ಮೂರು ಸಲ ಕೇಳಿದ ಮ್ಯಾಲ ತಿಳೀತಂತ."

"ಇನ್ನ?"

"ವಾಲ್ವು ನೋಡಿದಾಗಽ ಅನುಮಾನ ಬಂದಿತ್ತಂತ, ಕುಡಿಯೋ ಕೈ ಹಂಗ ಕತ್ತರಸಂಗಿಲ್ಲಂತ. ಆದ್ರೂ ಕೇಳ್ಲಿಲ್ಲಂತ."

"ಮತ್ತ ಕರಸ್ಕೋತಾನಂತೇನು?"

"ಇಲ್ಲ. ಇನ್ನ ಮ್ಯಾಲ ಡೀಲರ್ ಹೇಳಿದವ್ರನ್ನಽ ಕರಸ್ತಾರಂತ. ತನ್ನ ಕೈಯಾಗ ಏನಿಲ್ಲಂತ. ನಿನ್ನ ಕಿವಿ ಚೊಲೋ ಅದ, ಯಾರ ಜೋಡಿನಾರ ಮಾತಾಡಿ ನಾಲಿಗಿ ತಿದ್ದಿಕೋ ಅಂದ."

ಅವಳು ಎದ್ದು ಒಳಗೆ ಹೋಗಿ ಒಲೆ ಹೊತ್ತಿಸಿದಳು.

ಈಗಲೂ ಒಮ್ಮೊಮ್ಮೆ ಸಣ್ಣ ಮಿಲ್ಲುಗಳಲ್ಲಿ ಹುಡುಗರು ಬಂದು ಕೇಳುತ್ತಾರೆ, ಅಣ್ಣಾ, ಫೋನಿನ್ಯಾಗ ಕೇಳಿ ಭಾಷಿ ಬರ್ತದೇನು ಅಂತ. ಅವನು ಉತ್ಸಾಹವನ್ನೂ ತೋರುವುದಿಲ್ಲ, ಬೇಡವೆಂದೂ ಹೇಳುವುದಿಲ್ಲ. "ಕೇಳಿದ್ದು ತಿಳೀತದ. ಆಡಾಕ ಎದುರಿಗೆ ಒಬ್ಬ ಮನಷಾ ಬೇಕು. ಆ ಮನಷಾ ಎಂಥಾವ ಅಂತ ನೋಡ್ಕೋರಿ" ಅನ್ನುತ್ತಾನೆ.

ಹೋದ ತಿಂಗಳು ಸಿರವಾರದ ಒಂದು ಮಿಲ್ಲಿನಲ್ಲಿ ಕೃಷ್ಣ ಎದುರಾದ. ಕಂಪನಿಯ ಹೊಸ ಅಂಗಿ, ಕೈಯಲ್ಲಿ ಟ್ಯಾಬು. ಸುತ್ತ ಮಿಲ್ಲಿನವರಿದ್ದರು. ಅವರಿಗೆ ತಿಳಿಯದಂತೆ ಕೃಷ್ಣ ಚೀನೀಯಲ್ಲಿ ಮೆಲ್ಲಗೆ ಕೇಳಿದ, ಇನ್ನೂ ಸಿಟ್ಟಿದೆಯಾ ಅಂತ. ಎರಡು ವರ್ಷ ಕೇಳಿಕೊಂಡರೂ ಮಾತಾಡದಿದ್ದವನು ಈಗ ತಾನಾಗಿ ಮಾತಾಡಿದ್ದ, ಬಹಳ ಸ್ಪಷ್ಟವಾಗಿ, ಒಂದೊಂದು ಪದವನ್ನೂ ಬಿಡಿಸಿ.

ಅಂಬರೇಶ ಯಂತ್ರದ ಬಾಗಿಲು ತೆರೆದ. "ಸೊಹೇಲ್, ಹತ್ತನೇ ನಂಬರ್ ಪಾನಾ ಕೊಡು" ಅಂದ. ಸೊಹೇಲ್ ಕೊಟ್ಟ. ಕೃಷ್ಣ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, ಯಾರೋ ಕರೆದರು ಅಂತ ಆ ಕಡೆ ಹೋದ.